ನೇಪಾಳದ ಬೀಗರು, ನೀಲಿ ದಡಿಯ ಬಿಳಿ ಸೀರೆ

ನಮ್ಮ ಮೊಮ್ಮಗ ಬಂಡಿಯವರ ಮಗಳನ್ನು ಇಷ್ಟಪಟ್ಟಿದ್ದಾನೆ ಎಂದು ಗೊತ್ತಾದ ದಿನ ನನಗೆ ಖುಷಿ ತಡೆಯಲಾಗಲಿಲ್ಲ. ಅಡುಗೆಮನೆಗೆ ಹೋಗಿ ಗೋಡೆಯ ಮಾಡದ ಮೇಲಿನ ಡಬ್ಬಿಗಳನ್ನೆಲ್ಲ ಇಳಿಸಿ, ಒರೆಸಿ, ಮತ್ತೆ ಅಲ್ಲೇ ಇಟ್ಟೆ. ಕೈಗೆ ಏನಾದರೂ ಕೆಲಸ ಬೇಕಾಗಿತ್ತು. ಅವನು ಬಾಗಿಲಲ್ಲಿ ನಿಂತು ನೋಡುತ್ತಿದ್ದ.

"ಆಯಿ, ಸಿಟ್ಟು ಬಂತೇನು?"

"ಸಿಟ್ಟ್ಯಾಕ ಬರ್ತದ. ನೀ ಇದನ್ನ ಯಾವಾಗ ಹೇಳ್ತಿ ಅಂತ ಕಾಯ್ಲತ್ತಿದ್ದೆ. ಭಾಳ ತಡ ಮಾಡ್ದಿ."

ಬಂಡಿಯವರು ಎಂದರೆ ಭಾಲ್ಕಿ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ನೂಡಲ್ಸ್, ಮೋಮೋ ಮಾರುವ ನೇಪಾಳದ ಗಂಡ ಹೆಂಡತಿ. ಅವರು ಮೊದಲು ಬಂದಾಗ ಆತ ನಮ್ಮ ಓಣಿಯಲ್ಲಿ ರಾತ್ರಿ ಪಹರೆ ಮಾಡುತ್ತಿದ್ದರು. ಸೀಟಿ ಊದುತ್ತ, ಕಂಬಕ್ಕೆ ಕೋಲು ಬಡಿಯುತ್ತ ಹೋಗುತ್ತಿದ್ದರು. ಓಣಿಯವರೆಲ್ಲ ಅವರನ್ನು ಬಹಾದ್ದೂರ ಎಂದು ಕೂಗುತ್ತಿದ್ದರು. ಅದು ಅವರ ಹೆಸರೇ ಅಲ್ಲ ಎಂದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಮಗಳು ಆಗ ತಾಯಿಯ ಬೆನ್ನಿಗೆ ಕಟ್ಟಿಕೊಂಡ ಬಟ್ಟೆಯಲ್ಲಿ ಇರುತ್ತಿದ್ದಳು. ದೊಡ್ಡವಳಾದ ಮೇಲೆ ಸರಕಾರಿ ಕನ್ನಡ ಸಾಲಿಗೆ ಹೋದಳು. ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಅಭ್ಯಾಸ ಮಾಡಿದಳು. ಈಗ ಒಂದು ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯಲ್ಲಿ ಬಿಲ್ಲು ಮಾಡುವ ಕೆಲಸದಲ್ಲಿದ್ದಾಳೆ. ಪುಂಡಿಪಲ್ಯ ಅವಳಷ್ಟು ತಿನ್ನುವವರನ್ನು ನಾನು ನಮ್ಮ ಮಂದಿಯಲ್ಲೇ ನೋಡಿಲ್ಲ.

ಮೊಮ್ಮಗ ಬೀದರಿನ ಒಂದು ಆಸ್ಪತ್ರೆಯಲ್ಲಿ ರಕ್ತ ತಪಾಸಣೆ ಮಾಡುತ್ತಾನೆ. ನನ್ನ ಮಗ ಸೊಸೆ ಇರುವುದು ಔರಾದಿನಲ್ಲಿ, ಮಗನಿಗೆ ಅಲ್ಲಿ ಸಾಲಿಯ ಕೆಲಸ. ನನ್ನ ತವರೂ ಅದೇ ಔರಾದು. ನಾಲ್ಕನೇ ಇಯತ್ತೆಗೆ ನನ್ನ ಓದು ಮುಗಿದದ್ದೂ ಅಲ್ಲೇ. ಮೊಮ್ಮಗ ಮಾತ್ರ ಸಣ್ಣವನಿದ್ದಾಗಿನಿಂದ ಭಾಲ್ಕಿಯಲ್ಲಿ ನಮ್ಮಿಬ್ಬರ ಹತ್ತಿರ ಬೆಳೆದವನು. ಆದ್ದರಿಂದ ಮಗನಿಗೆ ಫೋನ್ ಮಾಡಿದಾಗ ಅವನು ಹೆಚ್ಚು ಮಾತಾಡಲಿಲ್ಲ. "ಅವ್ವಾ, ನೀ ಹೂಂ ಅಂದ್ರ ನಮ್ದೂ ಹೂಂ" ಎಂದ.

ನಮ್ಮ ಯಜಮಾನರ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಅವರು ಸರಕಾರಿ ಬಸ್ಸಿನ ಡ್ರೈವರ್ ಆಗಿ ರಿಟೈರ್ ಆದವರು. ಹೊರದೇಶದ ಸುದ್ದಿ ಎಂದರೆ ಅವರಿಗೆ ಊಟ ಬೇಡ. ನಮ್ಮ ನಳಕ್ಕೆ ನೀರು ಯಾವಾಗ ಬರುತ್ತದೆ ಎಂದು ಅವರಿಗೆ ಗೊತ್ತಿರುವುದಿಲ್ಲ. ಶ್ರೀಲಂಕಾದಲ್ಲಿ ಯಾರು ಯಾರ ಜೊತೆ ಕೂಡಿದರು ಎಂದು ಕೇಳಿ, ಹೇಳುತ್ತಾರೆ. ಸಂಜೆಯಾದರೆ ಬಂಡಿಯ ಹತ್ತಿರ ಸ್ಟೂಲ್ ಹಾಕಿಕೊಂಡು ಕೂತು ನೇಪಾಳದವರ ಜೊತೆ ವಾದ. ವಾದ ಬಹಳ ಮಾಡಿ ಒಂದೇ ಇರುತ್ತಿತ್ತು.

"ಚಾಚಾ, ಬುದ್ಧ ಹುಟ್ಟಿದ್ದು ನೇಪಾಳದಾಗ. ಅಷ್ಟು ಒಪ್ಕೊಳ್ರಿ, ಇವತ್ತಿನ ಮೋಮೋ ಪುಕ್ಸಟ್ಟೆ."

"ಹುಟ್ಟಿದ್ದು ಅಲ್ಲಿ, ಬುದ್ಧ ಆಗಿದ್ದು ಇಲ್ಲಿ. ಹುಟ್ಟೋದು ಯಾರು ಬೇಕಾದ್ರೂ ಹುಟ್ತಾರ."

"ಹುಟ್ಟಲಾರದೆ ಹ್ಯಾಂಗ ಆಗ್ತಾರ್ರಿ?"

ಆತನ ಹೆಂಡತಿ ಬಾಣಲೆ ಕುಟ್ಟುತ್ತ, "ಬುದ್ಧಗ ಯಾವ ದೇಶಾನೂ ಬ್ಯಾಡಾಗಿತ್ತು, ಅದಕ್ಕೇ ಮನಿ ಬಿಟ್ಟು ಹೋದ. ಇಬ್ರೂ ಬಾಜೂಕ ಸರೀರಿ, ಗಿರಾಕಿ ನಿಂತಾರ" ಎನ್ನುತ್ತಿದ್ದಳು.

ನಮ್ಮದು ಬೌದ್ಧ ಮನೆತನ. ಅವರ ಮನೆಯಲ್ಲಿ ಬುದ್ಧನೂ ಇದ್ದಾನೆ, ದೇವಿಯೂ ಇದ್ದಾಳೆ. ಅದಕ್ಕೆ ಎರಡೂ ಕಡೆ ಯಾರೂ ಅಡ್ಡ ಮಾತಾಡಲಿಲ್ಲ. ಆದರೆ ನಾವು ಹೆಣ್ಣು ಕೇಳಲು ಹೋದಾಗ ಹುಡುಗಿಯ ಅಪ್ಪ ಒಂದು ಮಾತು ಸ್ಪಷ್ಟವಾಗಿ ಹೇಳಿದರು. "ಚಾಚಿ, ನಾವಿಬ್ಬರೂ ರಾಜಿ ಇದ್ದೇವು. ಖರೇ ಅಂದ್ರ ನಮ್ಮವ್ವ ಹೂಂ ಅನ್ಬೇಕು. ಊರಾಗ ಅಕಿ ಒಬ್ಬಾಕೀನೇ ಹಿರಿಯಾಕಿ. ಅಕಿ ಮಾತು ದಾಟಿ ನಾ ಕನ್ಯಾ ಕೊಡಲ್ರಿ." ಹುಡುಗಿಯನ್ನು ಕೇಳಿದೆ. ಅವಳೂ ಹೌದೆಂದು ತಲೆಯಾಡಿಸಿದಳು. "ಅಜ್ಜಿ ಬ್ಯಾಡ ಅಂದ್ರ ನಾ ಆಗಲ್ಲ ಆಯಿ" ಎಂದಳು. ಮೊಮ್ಮಗನ ಮುಖ ಸಣ್ಣದಾಯಿತು. ಹಿಮಾಲಯದ ಕಡೆ ಯಾವುದೋ ಗುಡ್ಡದ ಊರಿನಲ್ಲಿರುವ ಒಬ್ಬ ಮುದುಕಿಯ ಕೈಯಲ್ಲಿ ನನ್ನ ಮೊಮ್ಮಗನ ಸಂಸಾರ ಇದೆ ಎಂದು ನನಗೆ ಆಗ ತಿಳಿಯಿತು. ಆ ಮುದುಕಿಯನ್ನು ನಾವು ನೇಪಾಳದ ಆಯಿ ಎಂದು ಕರೆಯತೊಡಗಿದೆವು.

ಸಾಖರಪುಡಾ, ಅಂದರೆ ಸಕ್ಕರೆ ಕೊಟ್ಟು ನಿಶ್ಚಯ ಮಾಡುವುದು, ಗಣಪತಿ ಕೂತ ದಿನಗಳಲ್ಲಿ ಇಟ್ಟುಕೊಂಡೆವು. ನೇಪಾಳದ ಆಯಿಯನ್ನು ಫೋನಿನಲ್ಲೇ ತೋರಿಸಿ, ಅವರ ಹೂಂ ತೆಗೆದುಕೊಂಡು ಸಕ್ಕರೆ ಹಂಚುವುದು ಎಂದು ಮಾತಾಯಿತು. ಸೀರೆ ತರುವ ಕೆಲಸ ನಾನೇ ಹಚ್ಚಿಕೊಂಡೆ. ಬೀದರಿಗೆ ಹೋಗಿ ಚೌಬಾರಾದ ಕಡೆಯ ಒಂದು ಅಂಗಡಿಯಲ್ಲಿ ಮಧ್ಯಾಹ್ನವೆಲ್ಲ ಕೂತೆ. ಅಂಗಡಿಯವರು, "ಅಮ್ಮಾ, ಪೂರಾ ದುಕಾನ್ ಬಿಚ್ಚಿಸಿದ್ರಿ, ಮೊಮ್ಮಗಂದೊಂದೇ ಮದುವಿಯೋ, ಊರ ಮಂದೀದೆಲ್ಲಾನೋ?" ಎಂದು ನಕ್ಕರು. ಕೊನೆಗೆ ಹಾಲಿನಂಥ ಬಿಳಿ ರೇಷ್ಮೆ, ಅಂಗೈ ಅಗಲದ ನೀಲಿ ದಡಿ ಇರುವ ಸೀರೆ ಸಿಕ್ಕಿತು. ನಮ್ಮಲ್ಲಿ ಮದುವೆಯ ಹುಡುಗ ಹುಡುಗಿ ಇಬ್ಬರೂ ಬಿಳಿ ಉಟ್ಟು ಬುದ್ಧನ ಮುಂದೆ ಪಂಚಶೀಲ ಹೇಳುತ್ತಾರೆ. ಬಸ್ಸಿನಲ್ಲಿ ಆ ಸೀರೆಯ ಚೀಲವನ್ನು ಮಡಿಲಲ್ಲೇ ಇಟ್ಟುಕೊಂಡು ಬಂದೆ. ಪಕ್ಕದ ಹೆಣ್ಣುಮಗಳು ಕೇಳದಿದ್ದರೂ ತೆರೆದು ತೋರಿಸಿದೆ.

ನಿಶ್ಚಯದ ದಿನ ನಮ್ಮ ಮನೆಯಲ್ಲಿ ಮೊಮ್ಮಗ ಫೋನನ್ನು ಗೋಧಿಯ ಡಬ್ಬಿಗೆ ಆನಿಸಿ ನಿಲ್ಲಿಸಿದ. ನೇಪಾಳದ ಆಯಿ ಕಂಡರು. ಮೊದಲು ಹಣೆ ಮತ್ತು ಒಂದು ಕಿವಿ ಮಾತ್ರ. ಪಕ್ಕದ ಮನೆಯ ಹೆಂಗಸು ಫೋನ್ ಸರಿಯಾಗಿ ಹಿಡಿದ ಮೇಲೆ ಪೂರ್ತಿ ಮುಖ. ಹಿಂದೆ ಮಂಜು, ಹಸಿರು ಗುಡ್ಡ. ಮೊಮ್ಮಗನನ್ನು ಎದ್ದು ನಿಲ್ಲು, ತಿರುಗು ಎಂದರು. ತಿರುಗಿದ. ಏನೋ ಹೇಳಿ ನಕ್ಕರು.

"ಏನಂದ್ರು?" ಎಂದು ಅವನು ಹುಡುಗಿಯನ್ನು ಕೇಳಿದ.

"ಹಿಂದಿನಿಂದ ಚಂದ ಕಾಣ್ತಾನ ಅಂದ್ರು."

ಎಲ್ಲರೂ ನಕ್ಕೆವು. ಆ ನಗೆಯಲ್ಲೇ ನಾನು ಹುಡುಗಿಯ ಉಡಿಗೆ ಅಕ್ಕಿ, ಕೊಬ್ಬರಿ ಹಾಕಿ, ಸೀರೆಯನ್ನು ಬಿಚ್ಚಿ ಅವಳ ಹೆಗಲ ಮೇಲೆ ಹರಡಿದೆ. ಫೋನಿಗೆ ಚೆನ್ನಾಗಿ ಕಾಣಲಿ ಎಂದು ಅವಳ ಭುಜ ಹಿಡಿದು ಆ ಕಡೆ ತಿರುಗಿಸಿದವಳೂ ನಾನೇ.

ನೇಪಾಳದ ಆಯಿಯ ನಗು ನಿಂತಿತು. ಜೋರಾಗಿ, ಒಂದೇ ಉಸಿರಿನಲ್ಲಿ ಏನೇನೋ ಅಂದರು. ಹುಡುಗಿಯ ತಾಯಿ ಎದ್ದು ಬಂದು ಮಗಳ ಹೆಗಲಿನಿಂದ ಸೀರೆ ಎಳೆದುಕೊಂಡಳು. ಫೋನು ಬಂದಾಯಿತು. ಸಕ್ಕರೆಯ ತಾಟು ಹಿಡಿದುಕೊಂಡು ನನ್ನ ಸೊಸೆ ಹಾಗೇ ನಿಂತಿದ್ದಳು.

"ಚಾಚಿ," ಹುಡುಗಿಯ ಅಪ್ಪ ನೆಲ ನೋಡುತ್ತ ಹೇಳಿದರು, "ನಮ್ಮಲ್ಲಿ ಬಿಳಿ ಅಂದ್ರ ಸಾವಿಂದು. ಮನ್ಯಾಗ ಯಾರರ ಹೋದ್ರ ವರ್ಷ ತನಾ ಬಿಳಿ ಉಡ್ತೇವು. ಮದುವಿ ಹುಡುಗಿಗಿ ಕೆಂಪು."

"ಇಷ್ಟು ವರ್ಷ ಇದೇ ಓಣ್ಯಾಗ ಇದ್ದೀರಲ್ರಿ. ನಮ್ಮ ಮದುವಿ ನೋಡಿಲ್ಲೇನು?"

"ನೋಡೀನಿ. ಊಟಾ ಮಾಡೀನಿ. ನಿಮ್ಮ ಹುಡುಗ್ಯಾರು ಉಟ್ರ ನಿಮ್ಮ ಪದ್ಧತಿ ಅಂತ ಅನಿಸ್ತಿತ್ತು. ನಮ್ಮ ಪೋರಿ ಮೈಮ್ಯಾಲ ನೋಡಿದ್ದು ಇವತ್ತೇ. ನನಗೂ ಎದಿ ಝಲ್ ಅಂತು."

ಅಷ್ಟೇ ಆಗಿದ್ದರೆ ಪದ್ಧತಿಯ ಮಾತು ಎಂದು ತಿಳಿಹೇಳಬಹುದಿತ್ತು. ಆತ ಮುಂದಿನದನ್ನೂ ಹೇಳಿದರು. ಅವರ ದೇಶದಲ್ಲಿ ದೊಡ್ಡ ಭೂಕಂಪವಾದ ವರ್ಷ, ಚಳಿಗಾಲದಲ್ಲಿ, ನಮ್ಮ ಗಡಿಯಲ್ಲಿ ಲಾರಿಗಳು ನಿಂತುಬಿಟ್ಟಿದ್ದವಂತೆ. ತಿಂಗಳುಗಟ್ಟಲೆ ಗ್ಯಾಸ್ ಇಲ್ಲ, ಎಣ್ಣೆ ಇಲ್ಲ, ಔಷಧ ಇಲ್ಲ. "ನಮ್ಮಪ್ಪ ಅದೇ ಚಳ್ಯಾಗ ಹೋದ. ದಮ್ಮಿನ ಬ್ಯಾನಿ ಇತ್ತು. ಗುಳಿಗಿ ಪ್ಯಾಟ್ಯಾಗ ಸಿಗಲಿಲ್ಲ. ಸಿಕ್ಕಿದ್ರ ಉಳಿತಿದ್ನೋ ಇಲ್ಲೋ, ಯಾರಿಗೆ ಗೊತ್ತು. ನಮ್ಮವ್ವ ಒಂದು ವರ್ಷ ಬಿಳಿ ಉಟ್ಳು. ಈಗ ನೋಡಿದ್ರ ಅದೇ ದೇಶದಿಂದ ಮೊಮ್ಮಗಳಿಗಿ ಬಿಳಿ ಸೀರಿ ಬಂತು. ಅಕಿ ಅಂದದ್ದು ಅದೇರಿ."

ನಮ್ಮ ಯಜಮಾನರು ಗಂಟಲು ಸರಿಮಾಡಿಕೊಂಡರು. "ಲಾರಿ ನಾವು ನಿಲ್ಸಿರಲಿಲ್ಲ. ಆ ಕಡಿ ನಿಮ್ಮ ಮಂದಿನೇ ರಸ್ತೆದಾಗ ಕುಂತಿದ್ರು ಅಂತ ಟಿವ್ಯಾಗ ಬಂದಿತ್ತು."

"ಇರಬಹುದು ಚಾಚಾ. ಅಲ್ಲಿ ಒಂದು ಹೇಳ್ತಾರ, ಇಲ್ಲಿ ಒಂದು ಹೇಳ್ತಾರ. ಅಕಿಗಿ ಗೊತ್ತಿದ್ದಿದ್ದು ಇಷ್ಟೇ, ಗುಳಿಗಿ ಬರಲಿಲ್ಲ."

ಯಜಮಾನರು ಎದ್ದು ಹೋಗಿ ಆತನಿಗೆ ಒಂದು ತಂಬಿಗೆ ನೀರು ತಂದು ಕೊಟ್ಟರು.

ನಾಳೆ ಅವರಿಗೆ ಫೋನ್ ಹಚ್ಚಿ ನಾನೇ ಮಾತಾಡುತ್ತೇನೆ ಎಂದುಕೊಂಡೆ. ಆ ನಾಳೆ ಬರಲೇ ಇಲ್ಲ. ಅದೇ ಹೊತ್ತಿಗೆ ಅಲ್ಲಿಯ ಸರಕಾರ ಫೋನಿನ ಆ್ಯಪುಗಳನ್ನೆಲ್ಲ ಬಂದ್ ಮಾಡಿತು. ಮುಖ ನೋಡಿ ಮಾತಾಡುವುದು ನಿಂತಿತು. ಹುಡುಗರು ಬೀದಿಗಿಳಿದರು, ಗುಂಡು ಹಾರಿದವು, ಎಷ್ಟೋ ಮಕ್ಕಳು ಸತ್ತರು. ದೊಡ್ಡ ದೊಡ್ಡ ಕಟ್ಟಡಗಳಿಗೆ ಬೆಂಕಿ ಬಿತ್ತು, ಸರಕಾರ ಉರುಳಿತು. ಆ್ಯಪುಗಳು ತಿರುಗಿ ಚಾಲೂ ಆದರೂ ನಮಗೆ ಉಪಯೋಗವಾಗಲಿಲ್ಲ. ಫೋನ್ ಹಿಡಿದು ಕೊಡುತ್ತಿದ್ದ ಆ ಪಕ್ಕದ ಮನೆಯ ಹೆಂಗಸು ತವರಿಗೆ ಹೋಗಿ ಅಲ್ಲೇ ಸಿಕ್ಕಿಕೊಂಡಿದ್ದಳು. ಸಾದಾ ಫೋನೂ ಹತ್ತುತ್ತಿರಲಿಲ್ಲ.

ಚಹಾದ ಹೋಟೆಲಿನಲ್ಲಿ ಯಜಮಾನರನ್ನು ಕಾಡಿದರಂತೆ. "ಏನ್ರಿ ಡ್ರೈವರ್ ಸಾಬ್, ಮೊದಲ ಶ್ರೀಲಂಕಾ, ಆಮ್ಯಾಲ ಬಾಂಗ್ಲಾ, ಈಗ ನಿಮ್ಮ ಬೀಗರದು ಬಿತ್ತಲ್ಲ. ನೀವು ಸಂಬಂಧ ಮಾಡಿದ್ದಕ್ಕೇ ಬಿತ್ತೇನು?" ಬೇರೆ ದಿನವಾಗಿದ್ದರೆ ಕೂತು ಪಾಠ ಹೇಳುತ್ತಿದ್ದರು. ಅವತ್ತು ಅರ್ಧ ಚಹಾ ಬಿಟ್ಟು ಎದ್ದು ಬಂದರು. ಬಂಡಿಯ ಹತ್ತಿರ ಹೋಗಿ ಸ್ಟೂಲ್ ಹಾಕಿಕೊಂಡು ಕೂತರು. ನಾನೂ ಮನೆ ಕೆಲಸ ಮುಗಿಸಿ ದಿನಾ ಅಲ್ಲಿಗೆ ಹೋಗತೊಡಗಿದೆ. ಹುಡುಗಿಯ ತಾಯಿ ಕೋಸು ಹೆಚ್ಚುತ್ತಿದ್ದಳು, ನಾನು ಉಳ್ಳಾಗಡ್ಡಿ ಸುಲಿಯುತ್ತಿದ್ದೆ. ಹುಡುಗಿಯ ಅಪ್ಪ ಒಂದು ಕೈಯಲ್ಲಿ ಸೌಟು, ಒಂದು ಕೈಯಲ್ಲಿ ಫೋನು. ಸೀರೆಯ ಮಾತು ಯಾರೂ ಎತ್ತಲಿಲ್ಲ. ಮೊಮ್ಮಗ ಬೀದರಿನಿಂದ ಬಂದವನು ದೂರದಲ್ಲೇ ಬೈಕ್ ನಿಲ್ಲಿಸಿ, ಹುಡುಗಿಯ ಕಡೆ ಒಂದು ಸಲ ನೋಡಿ, ಮನೆಗೆ ಹೋಗುತ್ತಿದ್ದ.

ಔರಾದಿನಿಂದ ಮಗ ಫೋನ್ ಮಾಡಿದ. "ಬಿಡವ್ವಾ. ಅವರಿಗಿ ನಮ್ಮ ಬಿಳಿ ಬ್ಯಾಡಂದ್ರ ನಾವ್ಯಾಕ ಕೈ ಮುಗೀತ ಹೋಗ್ಬೇಕು?"

"ನಾ ಯಾರಿಗಿ ಕೈ ಮುಗದೀನಿ? ಉಳ್ಳಾಗಡ್ಡಿ ಸುಲೀಲತ್ತೀನಿ."

"ಹಂಗಾದ್ರ ಕೆಂಪು ಉಡಿಸ್ತಿ ಏನು?"

ಒಲೆಯ ಮೇಲೆ ಸಾರು ಉಕ್ಕುತ್ತದೆ ಎಂದು ಸುಳ್ಳು ಹೇಳಿ ಫೋನ್ ಇಟ್ಟೆ. ಆ ಮುದುಕಿಯ ಸಂಕಟ ನನಗೆ ಅರ್ಥವಾಗಿತ್ತು. ಆದರೆ ಬಿಳಿ ಬಿಡುವುದಕ್ಕೆ ನನಗೂ ಮನಸ್ಸಿರಲಿಲ್ಲ.

ಕೊನೆಗೆ ಒಂದು ದಿನ ಫೋನ್ ಹತ್ತಿತು. ನೇಪಾಳದ ಆಯಿ ಆರಾಮ ಇದ್ದರು. ಊರಿಗೆ ಏನೂ ಆಗಿರಲಿಲ್ಲ, ಮಳೆಗೆ ರಸ್ತೆ ಕುಸಿದು ಕರೆಂಟಿನ ಕಂಬವೂ ಬಿದ್ದಿತ್ತು ಅಷ್ಟೆ. ಹುಡುಗಿಯ ಅಪ್ಪ ಬಂಡಿಯ ಗ್ಯಾಸ್ ಆರಿಸಿ, ಅಲ್ಲೇ ರಸ್ತೆಯ ಬದಿಗೆ ಕೂತು ಅತ್ತರು. ಯಜಮಾನರು ಅವರ ಬೆನ್ನ ಮೇಲೆ ಕೈ ಇಟ್ಟುಕೊಂಡು ನಿಂತರು. ಆಮೇಲೆ ತಾಯಿಯನ್ನು ಕರೆತರಲು ಆತ ಹೊರಟರು. ಯಾವ ರೈಲು, ಎಲ್ಲಿ ಇಳಿಯಬೇಕು, ಗಡಿ ತೆರೆದಿದೆಯೋ ಇಲ್ಲವೋ ಎಲ್ಲವನ್ನೂ ಯಜಮಾನರು ನಾಲ್ಕು ಮಂದಿಗೆ ಕೇಳಿ ಹೇಳಿದರು. ದಾರಿಯಿಂದ ಮಗಳಿಗೆ ಫೋನ್ ಬಂತು. ಅವಳು ನಮಗೆ ಹೇಳುವಾಗ ನಗಬೇಕೋ ಅಳಬೇಕೋ ತಿಳಿಯದ ಹಾಗೆ ನಿಂತಿದ್ದಳು.

"ಅಜ್ಜಿ ಬರ್ಲತ್ತಾರ. ಫೋನಿನ್ಯಾಗ ಬ್ಯಾಡ ಅನ್ನೋದು ಸರಿ ಅಲ್ಲ, ಮನಿಗಿ ಬಂದು ಎದುರಿಗೇ ಬ್ಯಾಡ ಅಂತೇನಿ ಅಂದಾರಂತ."

"ಬರ್ಲಿ," ಎಂದೆ ನಾನು. "ಉಂಡು ಬ್ಯಾಡ ಅನ್ಲಿ."

ಭಾಲ್ಕಿ ಸ್ಟೇಷನ್ನಿಗೆ ಎಲ್ಲರೂ ಹೋದೆವು. ರೈಲಿನಿಂದ ಇಳಿದವರು ನನ್ನ ಭುಜದಷ್ಟು ಎತ್ತರದ ಮುದುಕಿ. ಮೂಗಿನಲ್ಲಿ ಬಂಗಾರದ ಫುಲ್ಲಿ, ಕೈಯಲ್ಲಿ ಒಣಗಿಸಿದ ಸೊಪ್ಪಿನ ಗಂಟು. ನಾಲ್ಕೂ ಕಡೆ ನೋಡಿ ಮಗನಿಗೆ ಏನೋ ಕೇಳಿದರು. "ಈ ಊರಾಗ ಗುಡ್ಡ ಎಲ್ಲಿ ಇಟ್ಟಾರ ಅಂತ ಕೇಳ್ತಾರ" ಎಂದು ಹುಡುಗಿ ಹೇಳಿದಳು. ನನ್ನ ಕೈ ಹಿಡಿದು ನೋಡಿದರು. ನನ್ನ ಅಂಗೈಯೂ ಅವರ ಅಂಗೈಯೂ ಒಂದೇ ತರ ಒರಟು. ಬ್ಯಾಡ ಎನ್ನುವ ಮಾತು ಅವತ್ತು ಆಡಲಿಲ್ಲ. ಸುಸ್ತಾಗಿದ್ದರು.

ಮಾರನೆಯ ದಿನ ನಮ್ಮ ಮನೆಗೆ ಊಟಕ್ಕೆ ಕರೆದೆ. ಊಟದ ಮೇಲೆ ನಮ್ಮ ಯಜಮಾನರಿಗೆ ಗಡಿಯಲ್ಲಿ ಯಾವ ಕಾಗದ ತೋರಿಸುತ್ತಾರೆ ಎಂಬ ಕುತೂಹಲ. ಮುದುಕಿಯ ಪೌರತ್ವದ ಕಾರ್ಡು ಇಸಕೊಂಡು, ಕನ್ನಡಕ ಏರಿಸಿ ಓದಿದರು. ಹಿಂದಿ, ಮರಾಠಿ ಅಕ್ಷರ ಅವರಿಗೆ ಬರುತ್ತದೆ. ಓದಿ ಹುಬ್ಬು ಗಂಟಿಕ್ಕಿದರು.

"ಜನ್ಮ ಎರಡು ಸಾವಿರದ ನಾಕು ಅಂತ ಬರದಾರಲ್ಲ. ಹಂಗಾದ್ರ ನಮ್ಮ ಮೊಮ್ಮಗನಕಿಂತ ಸಣ್ಣಾಕಿ."

"ನಮ್ಮ ದೇಶದ ವರ್ಷ ಬ್ಯಾರೆ ಚಾಚಾ. ನಿಮ್ಮಕಿಂತ ಐವತ್ತಾರು ಐವತ್ತೇಳು ವರ್ಷ ಮುಂದ ಅದ."

"ಅಷ್ಟು ಮುಂದ ಇದ್ದೀರಿ, ಮತ್ತ ನಿಮ್ಮ ಸರಕಾರ ಯಾಕ ಒಂದು ವರ್ಷಾನೂ ನಿಲ್ಲಲ್ಲ?"

ಇದನ್ನು ಹುಡುಗಿ ಅಜ್ಜಿಗೆ ಹೇಳಬೇಕೋ ಬೇಡವೋ ಎಂದು ನೋಡಿದಳು. ಹೇಳಿಯೇ ಬಿಟ್ಟಳು. ನೇಪಾಳದ ಆಯಿ ಸಾವಕಾಶವಾಗಿ ಉತ್ತರ ಕೊಟ್ಟರು. ಮೊದಲು ರಾಜನಿದ್ದ. ಆಮೇಲೆ ರಾಜನ ಜೊತೆ ಪಾರ್ಟಿಯವರು ಬಂದರು. ಆಮೇಲೆ ಕಾಡಿನಿಂದ ಬಂದೂಕಿನವರು ಬಂದು ರಾತ್ರಿ ಅನ್ನ ಕೇಳಿದರು. ರಾಜ ಹೋದ, ಬಂದೂಕಿನವರೇ ಮಂತ್ರಿಯಾಗಿ ಹಗಲು ಓಟು ಕೇಳಿದರು. ಈಗ ಮಕ್ಕಳು ಅವರನ್ನೂ ಕಳಿಸಿದರು. ಚಳಿ ಮುಗಿಯುವ ಹೊತ್ತಿಗೆ ಮತ್ತೆ ಚುನಾವಣೆ ಇದೆಯಂತೆ, ಅಷ್ಟರೊಳಗೆ ಊರಿಗೆ ಹೋಗಬೇಕು, ಓಟು ಹಾಕಬೇಕು. ಯಜಮಾನರು ಕಾರ್ಡನ್ನು ಎರಡೂ ಕೈಯಿಂದ ಹಿಂದಕ್ಕೆ ಕೊಟ್ಟರು.

ಅದರ ಮಾರನೆಯ ದಿನ ದಸರೆ. ನಮಗೆ ಅದು ನಮ್ಮ ಹಿರಿಯರು ಬುದ್ಧನ ಧಮ್ಮಕ್ಕೆ ಬಂದ ದಿನ. ಬೆಳಿಗ್ಗೆ ಎಲ್ಲರೂ ಬಿಳಿ ಉಟ್ಟು ಬೀದರಿನ ಬುದ್ಧ ವಿಹಾರಕ್ಕೆ ಹೋಗುತ್ತೇವೆ. ಬಿಳಿ ಉಟ್ಟುಕೊಂಡು ಬೀಗರ ಬಾಗಿಲಿಗೆ ಹೋಗುವುದು ಸರಿಯೇ ಎಂದು ಯೋಚಿಸಿದೆ. ಬೇರೆ ಉಟ್ಟರೆ ನಾನು ನಾನಾಗಿರುವುದಿಲ್ಲ. ಹಾಗೇ ಹೋಗಿ, "ನಮ್ಮ ಜೊತಿ ಬರ್ರಿ" ಎಂದೆ. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಬಂದರು.

ವಿಹಾರದ ಅಂಗಳದಲ್ಲಿ ಕಮಠಾಣ, ಖಟಕ ಚಿಂಚೋಳಿ, ಎಲ್ಲ ಊರುಗಳ ಮಂದಿ. ಮುದುಕರು, ಬಸುರಿಯರು, ಕೈಗೂಸುಗಳು, ಎಲ್ಲರ ಮೈಮೇಲೆ ಬಿಳಿ. ನೇಪಾಳದ ಆಯಿ ಕಂಬಕ್ಕೆ ಒರಗಿ ಕೂತು ನೋಡಿದರು. ನಾನು ಪಕ್ಕದಲ್ಲಿ ಕೂತೆ, ಹುಡುಗಿ ನಮ್ಮಿಬ್ಬರ ನಡುವೆ. ಅವರೇ ಕೇಳಿದರು, ಇಷ್ಟು ಮಂದಿ ಯಾಕೆ ಬಿಳಿ ಉಟ್ಟು ನಗುತ್ತಿದ್ದಾರೆ ಎಂದು.

ನಾನು ಹೇಳಿದೆ. "ನಮ್ಮ ಅಜ್ಜಿ ಕಾಲದಾಗ ನಮ್ಮವರು ತೊಳದ ಬಟ್ಟಿ ಉಟ್ಟು ದೊಡ್ಡವರ ಓಣ್ಯಾಗ ಹೋಗುವಂಗಿರಲಿಲ್ರಿ. ಹೊಸ ಸೀರಿ ತಂದ್ರ ಮಣ್ಣಾಗ ಹೊಲಸು ಮಾಡಿ ಉಡಬೇಕಿತ್ತು. ಧಮ್ಮಕ್ಕ ಬಂದ ದಿನ ಎಲ್ಲರೂ ಬಿಳಿ ಉಟ್ರು. ಬಿಳಿ ಮ್ಯಾಲ ಒಂದು ಹನಿ ಕೆಸರು ಬಿದ್ರೂ ಕಾಣ್ತದ ನೋಡ್ರಿ. ಯಾರೂ ಕೆಸರು ಹಾಕಲಿಲ್ಲ. ಅವತ್ತಿನಿಂದ ಒಳ್ಳೇ ದಿನಕ್ಕ ನಾವು ಬಿಳಿ ಉಡ್ತೇವು."

ನಾನು ಹೇಳುವುದು ಮುಗಿಯುವುದರೊಳಗೆ ಅವರು ಮಾತು ಶುರು ಮಾಡಿದರು, ಅವರದು ಮುಗಿಯುವುದರೊಳಗೆ ನಾನು. ಹುಡುಗಿ ಎರಡೂ ಕೈ ಎತ್ತಿದಳು. "ಇಬ್ಬರೂ ಜರಾ ಬಾಯಿ ಮುಚ್ರಿ. ಒಬ್ಬರದು ಆದ ಮ್ಯಾಲ ಒಬ್ಬರದು. ನನಗ ಒಂದೇ ನಾಲಿಗಿ ಅದ."

ನೇಪಾಳದ ಆಯಿ ಹೇಳಿದ್ದು ಇಷ್ಟು: ನನಗೆ ಬಿಳಿಯನ್ನು ಸಾವು ಉಡಿಸಿತು, ನಾನು ಕೇಳಿ ಉಟ್ಟದ್ದಲ್ಲ. ನೀವು ಬೇಕೆಂದು ಉಟ್ಟವರು. ನನ್ನ ಮಾತು ಅವರಿಗೆ ಹಿಡಿಸಿತೋ, ಬಿಳಿ ಅಂಗಿಯ ಮಕ್ಕಳು ಕೆಂಪು ಐಸ್ ಕ್ಯಾಂಡಿ ಸುರಿಸಿಕೊಂಡು ತಾಯಂದಿರ ಕೈಯಲ್ಲಿ ಹೊಡೆತ ತಿನ್ನುವುದನ್ನು ನೋಡಿದ್ದು ಹಿಡಿಸಿತೋ ನನಗೆ ಇನ್ನೂ ಗೊತ್ತಿಲ್ಲ.

ದಸರೆ ಅವರ ದೇಶದಲ್ಲೂ ದೊಡ್ಡ ಹಬ್ಬ. ಹಿರಿಯರು ಮೊಸರು, ಅಕ್ಕಿ, ಕುಂಕುಮ ಕಲಸಿ ಕಿರಿಯರ ಹಣೆಗೆ ಹಚ್ಚಿ ಹರಸುತ್ತಾರೆ. ಭಾಲ್ಕಿಗೆ ತಿರುಗಿ ಬಂದ ಮೇಲೆ ನೇಪಾಳದ ಆಯಿ ಬಂಡಿಯವರ ಮನೆಯಲ್ಲಿ ತಾಟು ಹಿಡಿದು ಕೂತರು. ಮಗ, ಸೊಸೆಗೆ ಹಚ್ಚಿದರು. ಆಮೇಲೆ ನಮ್ಮ ಯಜಮಾನರ ಕಡೆ ನೋಡಿ ಮುಂದೆ ಬಾ ಎಂದು ಕೈ ಮಾಡಿದರು.

"ನಾವು ಹಣಿಗಿ ಏನೂ ಹಚ್ಕೊಳಲ್ರಿ," ಎಂದರು ಯಜಮಾನರು.

"ಇದು ಪೂಜಿ ಅಲ್ಲ ಮುತ್ಯಾ, ಹಿರಿಯರ ಕೈ," ಎಂದಳು ಹುಡುಗಿ.

"ಹಿರಿಯಾಕಿ ಹ್ಯಾಂಗ? ಕಾರ್ಡಿನ್ಯಾಗ ಎರಡು ಸಾವಿರದ ನಾಕು ಅದ."

ಹುಡುಗಿ ನಗು ತಡೆದುಕೊಂಡು ಅದನ್ನು ಅಜ್ಜಿಗೆ ಹೇಳಿದಳು. ಅಜ್ಜಿ ಎದ್ದು ಬಂದು, ಯಜಮಾನರ ಕಿವಿ ಹಿಡಿದು ತಲೆ ಬಗ್ಗಿಸಿ, ಹಣೆಯ ತುಂಬ ಕೆಂಪು ಅಕ್ಕಿ ಮೆತ್ತಿದರು. ಬಗ್ಗಿದ ತಲೆ ಎತ್ತದೆ ಅವರು ನಿಂತೇ ಇದ್ದರು. ಬಿಳಿ ಅಂಗಿಯ ಮೇಲೆ ಮೊಸರು ತೊಟ್ಟಿಕ್ಕುತ್ತಿತ್ತು. ನನಗೂ ಹಚ್ಚಿಸಿಕೊಂಡೆ. ಆಮೇಲೆ ಅವರು ಮೊಮ್ಮಗನನ್ನೂ ಹುಡುಗಿಯನ್ನೂ ಜೊತೆಗೆ ಕೂಡಿಸಿ ಇಬ್ಬರಿಗೂ ಹಚ್ಚಿದರು. ಜೊತೆಗೆ ಕೂಡಿಸಿದಾಗಲೇ, ಅವರ ಹೂಂ ಅದೇ ಎಂದು ನನಗೆ ತಿಳಿಯಿತು. ಹುಡುಗಿಯ ತಾಯಿ ನನ್ನ ಮಗ್ಗುಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡಳು.

ನೇಪಾಳದ ಆಯಿ ಆಗ ಹೇಳಿದರು. ಸೀರೆ ಬಿಳಿಯೇ ಇರಲಿ. ಆದರೆ ಮೈಗೆ ಹತ್ತುವ ಬಟ್ಟೆ ಕೆಂಪು ಇರಬೇಕು. ನಾನು ದಡಿ ನೀಲಿಯೇ ಇರುತ್ತದೆ ಎಂದೆ. ಇರಲಿ ಎಂದರು. ಅಲ್ಲಿಗೆ ಕರಾರು ಮುಗಿಯಿತು. ಔರಾದಿಗೆ ಫೋನ್ ಮಾಡಿ, "ಸಕ್ಕರಿ ತಗೊಂಡು ಬರ್ರಿ" ಎಂದೆ. "ಎಷ್ಟು ಕಿಲೋ ಅವ್ವಾ?" ಎಂದ ಮಗ.

ಕುಪ್ಪಸದ ಬಟ್ಟೆಗೆ ಮೂವರೂ ಬೀದರಿನ ಅದೇ ಅಂಗಡಿಗೆ ಹೋದೆವು. ಅಂಗಡಿಯವರು ಕೆಂಪಿನಲ್ಲೇ ಇಪ್ಪತ್ತು ತರ ಹರಡಿದರು. ಇಬ್ಬರು ಮುದುಕಿಯರು ಒಂದೊಂದನ್ನೂ ಬಾಗಿಲ ಬೆಳಕಿಗೆ ಒಯ್ದು ನೋಡಿ ತಂದೆವು. "ಅಮ್ಮಾ, ಹೋದ ಸಲ ಒಬ್ಬರೇ ಬಂದಿದ್ರಿ. ಈ ಸಲ ಪರದೇಶದಿಂದ ಮದದ್ ಕರಕೊಂಡು ಬಂದೀರಿ" ಎಂದರು ಅಂಗಡಿಯವರು. ಬಿಳಿಯ ಮೇಲೆ ಕೆಂಪು ಇಟ್ಟಾಗ ಹುಡುಗಿ, "ಕೆಂಪು, ನೀಲಿ, ಬಿಳಿ, ಇದು ನೇಪಾಳದ ಝೆಂಡಾ ಆಯ್ತಲ್ಲ ಆಯಿ" ಎಂದಳು. ಮನೆಗೆ ಹೋಗಿ ಮುತ್ಯಾನ ಮುಂದೆ ಮಾತ್ರ ಇದನ್ನು ಹೇಳಬೇಡ ಎಂದೆ. ಅವಳು ಮನೆ ಮುಟ್ಟಿದ ಕೂಡಲೇ ಹೇಳಿದಳು.

ಮದುವೆ ದೀಪಾವಳಿಯ ನಂತರ ಬೀದರಿನ ವಿಹಾರದಲ್ಲಿ ಆಯಿತು, ಮಾಡಿಸುವವರು ಅಲ್ಲಿಯ ಭಿಕ್ಷು, ನಮ್ಮ ಭಂತೇಜಿ. ಪಕ್ಕದ ಸಣ್ಣ ಖೋಲಿಯಲ್ಲಿ ಹುಡುಗಿಗೆ ಸೀರೆ ಉಡಿಸಲು ನಾನು ಮುಂದಾದೆ. ನೇಪಾಳದ ಆಯಿ ನನ್ನ ಕೈಯಿಂದ ಸೀರೆ ತೆಗೆದುಕೊಂಡರು. ಬಿಳಿ ರೇಷ್ಮೆಯ ಮೇಲೆ ಒಮ್ಮೆ ಅಂಗೈ ಆಡಿಸಿದರು. ಹುಡುಗಿ ಅಜ್ಜಿಯ ಮುಖ ನೋಡಿದಳು, ನಾನು ಬಾಗಿಲ ಕಡೆ ನೋಡಿದೆ. ಆಮೇಲೆ ಅವರು ಒಂದು ತುದಿಯನ್ನು ಮೊಮ್ಮಗಳ ಟೊಂಕಕ್ಕೆ ಸಿಕ್ಕಿಸಿ ನೆರಿಗೆ ಹಿಡಿಯತೊಡಗಿದರು. ಹೊರಗಿನಿಂದ ಯಜಮಾನರು, "ಭಂತೇಜಿ ಬಂದು ಕುಂತಾರ, ಲಗೂ ಮಾಡ್ರಿ" ಎಂದು ಕೂಗಿದರು. ಒಳಗೆ ನೇಪಾಳದ ಆಯಿ ಮೆಲ್ಲಗೆ ಏನೋ ಅಂದರು. ಹರಸಿದರೇನೋ ಎಂದು ನನ್ನ ಕಣ್ಣು ತುಂಬಿತು.

"ಏನಂದ್ರು?"

"ನೆರಿಗಿ ಒಂದರ ಸರಿ ಕುಂತಿಲ್ಲ, ಎಲ್ಲಾ ಬಿಚ್ಚಿ ಮತ್ತೊಮ್ಮಿ ಉಡಿಸ್ತೇನಿ, ಮಂದಿ ಕಾಯ್ಲಿ ಅಂದ್ರು."

ನಾನು ಬಾಗಿಲ ಚಿಲಕ ಹಾಕಿ ಬಂದೆ. ನೆಲದ ಮೇಲೆ ಕೂತು ಸೀರೆಯ ಕೆಳಗಿನ ದಡಿ ಹಿಡಿದುಕೊಂಡೆ. ಅವರು ಮೇಲಿನಿಂದ ಒಂದೊಂದೇ ನೆರಿಗೆ ಕೊಡುತ್ತ ಬಂದರು.